ಅದು ಹಟವಲ್ಲ, ಶೋಕಿಯೂ ಅಲ್ಲ

ಮಾನ್ಯ ಸಂಪಾದಕರೇ,

ಊಟ ಬಿಡುವ ಹುಡುಗಿಯರ ಬಗ್ಗೆ ನಿಮ್ಮ ಪತ್ರಿಕೆಯಲ್ಲಿ ಬಂದ ಬರಹ ಓದಿದೆ. ‘ಇದೆಲ್ಲ ಹಟ, ತೆಳ್ಳಗಾಗುವ ಶೋಕಿ’ ಎಂಬ ಮಾತು ಅದರಲ್ಲಿತ್ತು. ಎರಡು ದಿನ ಸುಮ್ಮನಿದ್ದೆ. ಆಗಲಿಲ್ಲ, ಬರೆಯುತ್ತಿದ್ದೇನೆ. ನಾನು ತಿಪಟೂರಿನಲ್ಲಿ ಮನೆಯಲ್ಲೇ ಟೈಲರಿಂಗ್ ಮಾಡುವವಳು. ನನ್ನ ಮಗಳಿಗೆ ಅನೊರೆಕ್ಸಿಯಾ ಅನ್ನುವ, ಊಟ ಬಿಡುತ್ತ ಬಿಡುತ್ತ ಸೊರಗುವ ಈ ಕಾಯಿಲೆ ಬಂದಿತ್ತು. ಅವಳು ಹಟ ಮಾಡಿದ್ದನ್ನು ನಾನು ಒಂದು ದಿನವೂ ನೋಡಿದವಳಲ್ಲ.

ಚಿಕ್ಕಂದಿನಿಂದ ಅವಳು ತುಂಬ ಅಚ್ಚುಕಟ್ಟು. ನೋಟ್‌ಬುಕ್ಕಿನಲ್ಲಿ ಒಂದಕ್ಷರ ತಪ್ಪಿದರೆ ಇಡೀ ಹಾಳೆ ಹರಿದು ಮತ್ತೆ ಬರೆಯುತ್ತಿದ್ದಳು. ಟೆಸ್ಟಿನಲ್ಲಿ 25ಕ್ಕೆ 24 ಬಂದರೆ ಆ ರಾತ್ರಿ ನಿದ್ದೆಯಿಲ್ಲ. ಟೀಚರು ಹೊಗಳುತ್ತಿದ್ದರು. ನೆಂಟರು ತಮ್ಮ ಮಕ್ಕಳಿಗೆ ‘ಅವಳನ್ನ ನೋಡಿ ಕಲೀರಿ’ ಅನ್ನುತ್ತಿದ್ದರು. ನನಗೂ ಹೆಮ್ಮೆಯೇ.

ಫಸ್ಟ್ ಪಿಯುಸಿಯಲ್ಲಿ ‘ಎಣ್ಣೆ ಕಡಿಮೆ ಮಾಡ್ತೀನಿ ಅಮ್ಮ’ ಅಂದಳು. ಒಳ್ಳೇದೇ ಅಲ್ವಾ ಅಂದುಕೊಂಡೆ. ಆಮೇಲೆ ಕಾಯಿ ಬಿಟ್ಟಳು. ಅಟ್ಟದ ತುಂಬ ಕೊಬ್ಬರಿ ಇರುವ ಮನೆಯಲ್ಲಿ ಚಟ್ನಿ ಮುಟ್ಟಲಿಲ್ಲ. ಆಮೇಲೆ ಅನ್ನ ಬಿಟ್ಟಳು. ನಿಂಬೆಹಣ್ಣಿನಷ್ಟು ಮುದ್ದೆ ಹಾಕಿಸಿಕೊಂಡು, ಅದನ್ನೂ ಚೂರು ಚೂರು ಮಾಡಿ, ಮುಕ್ಕಾಲು ಗಂಟೆ ತಿನ್ನುತ್ತಿದ್ದಳು. ಅದೇ ಹುಡುಗಿ ಯುಗಾದಿಯ ದಿನ ಬೆಳಗ್ಗೆ 5ಕ್ಕೆ ಎದ್ದು ಮನೆಮಂದಿಗೆಲ್ಲ ಒಬ್ಬಟ್ಟು ತಟ್ಟಿದಳು. ಒಂದರ ಅಂಚೂ ಸೊಟ್ಟಗಿರಲಿಲ್ಲ. ಎಲ್ಲರಿಗೂ ತುಪ್ಪ ಹಾಕಿ ಬಡಿಸಿದಳು. ತಾನು ಒಂದು ಚೂರೂ ಬಾಯಿಗಿಡಲಿಲ್ಲ.

ನನಗೆ ಗೊತ್ತಾಗಿದ್ದು ಟೇಪು ಹಿಡಿದಾಗ. ಜೂನ್‌ನಲ್ಲಿ ಯೂನಿಫಾರಂ ಹೊಲಿದಾಗ ಸೊಂಟ 27 ಇಂಚು ಎಂದು ಅಳತೆ ಪುಸ್ತಕದಲ್ಲಿ ಬರೆದಿದ್ದೆ. ದಸರಾ ಹೊತ್ತಿಗೆ ಎರಡೂ ಪಕ್ಕ ಹಿಡಿದು ಹೊಲಿದೆ. ಸಂಕ್ರಾಂತಿಗೆ ಇನ್ನೊಂದು ಸಲ ಹಿಡಿದೆ. ಯುಗಾದಿ ಕಳೆದ ಮೇಲೆ ಅಳೆದರೆ 21 ಬಂತು. ಟೇಪು ಜಾರಿತೇನೋ ಅಂತ ಮತ್ತೆ ಹಿಡಿದೆ. ಅಷ್ಟೇ. ಬೆನ್ನ ಮೇಲೆ ಎಳೆಗೂಸಿಗಿರುವಂಥ ನವಿರು ಕೂದಲು ಬೆಳೆದಿತ್ತು. ಆ ಬಿಸಿಲಿನಲ್ಲೂ ಸ್ವೆಟರ್ ಹಾಕುತ್ತಿದ್ದಳು. ಮುಟ್ಟು ನಿಂತು ನಾಲ್ಕು ತಿಂಗಳಾಗಿತ್ತು, ನನಗೆ ಹೇಳಿರಲಿಲ್ಲ. ಊರವರ ಮಕ್ಕಳನ್ನೆಲ್ಲ ಅಳೆಯುವ ನನಗೆ ನನ್ನ ಮಗಳು ಕಂಡಿರಲಿಲ್ಲ.

ಮೊದಲು ತೋರಿಸಿದ ಡಾಕ್ಟರು ಟಾನಿಕ್ ಬರೆದು, ಮದುವೆಯಾದರೆ ಸರಿಹೋಗುತ್ತೆ ಅಂದರು. ಬೆಂಗಳೂರಿನ ಮನೋವೈದ್ಯೆ ಮಾತ್ರ ಮೊದಲು ರಕ್ತ ಪರೀಕ್ಷೆ, ಇಸಿಜಿ ಮಾಡಿಸಿದರು. ಇದು ಅನೊರೆಕ್ಸಿಯಾ, ರಕ್ತದಲ್ಲಿ ಪೊಟ್ಯಾಸಿಯಂ ಎಂಬ ಲವಣ ಇಳಿದರೆ ಹೃದಯಕ್ಕೇ ಅಪಾಯ ಅಂದರು. ಆಮೇಲೆ ‘ಚಿಕ್ಕವಳಿದ್ದಾಗ ಹೇಗಿದ್ದಳಮ್ಮ?’ ಎಂದು ಕೇಳಿದರು. ಹಾಳೆ ಹರಿಯುವುದನ್ನು ಹೇಳಿದೆ. ಅವರಿಗೆ ಆಶ್ಚರ್ಯವಾಗಲಿಲ್ಲ.

ಈ ಕಾಯಿಲೆ ಬಂದವರಲ್ಲಿ ಬಹಳ ಮಂದಿ ಮೊದಲಿಂದಲೂ ಇಂಥ ಸ್ವಭಾವದವರಂತೆ. ಸಣ್ಣ ತಪ್ಪನ್ನೂ ತಡೆದುಕೊಳ್ಳುವುದಿಲ್ಲ. ಹಾಕಿಕೊಂಡ ನಿಯಮ ಮುರಿಯಲು ಹೆದರುತ್ತಾರೆ. ಚಿಂತೆ ಜಾಸ್ತಿ. ಸ್ವಲ್ಪ ಹುಟ್ಟಿನಿಂದಲೇ, ವಂಶದಿಂದಲೇ ಬರುತ್ತದೆ. ಮಾರ್ಕ್ಸ್ ತಂದುಕೊಟ್ಟ ಗುಣವೇ ತಟ್ಟೆಯ ಮೇಲೆ ತಿರುಗಿದರೆ ಅವರಿಗೆ ನಿಲ್ಲಿಸಲು ಬರುವುದಿಲ್ಲ. ಒಂದೇ ಸಲಕ್ಕೆ ವಿಪರೀತ ತಿಂದು ವಾಂತಿ ಮಾಡಿಕೊಳ್ಳುವ ಬುಲಿಮಿಯಾ ಇದೆಯಲ್ಲ, ಅದರಲ್ಲಿ ಎಷ್ಟೋ ಸಲ ಆತುರದ, ಮನಸ್ಸಿಗೆ ಬಂದಿದ್ದನ್ನು ತಡೆಯಲಾಗದ ಸ್ವಭಾವ ಕಾಣುತ್ತದೆ. ಅವರ ತೂಕ ಸರಿಯಾಗೇ ಇರಬಹುದು, ಹಾಗಾಗಿ ಮನೆಯವರಿಗೂ ತಿಳಿಯುವುದಿಲ್ಲ. ಹುಡುಗರಿಗೂ ಬರುತ್ತದೆ. ಅಚ್ಚುಕಟ್ಟಾಗಿರುವ ಮಕ್ಕಳಿಗೆಲ್ಲ ಬರುತ್ತದೆ ಅಂತಲ್ಲ, ಯಾರನ್ನೂ ಹೆದರಿಸಲು ನಾನು ಬರೆಯುತ್ತಿಲ್ಲ.

ಆ ಮನೋವೈದ್ಯೆ ಇನ್ನೊಂದು ವಿಷಯ ಹೇಳಿದರು. ಎರಡನೇ ಮಹಾಯುದ್ಧದ ಕಾಲದಲ್ಲಿ, 1944-45ರಲ್ಲಿ, ಅಮೆರಿಕದ ಮಿನೆಸೋಟ ವಿಶ್ವವಿದ್ಯಾಲಯದಲ್ಲಿ ಆನ್ಸೆಲ್ ಕೀಸ್ ಎಂಬ ವಿಜ್ಞಾನಿ 36 ಜನ ಆರೋಗ್ಯವಂತ ಯುವಕರಿಗೆ ಆರು ತಿಂಗಳು ಅರೆಹೊಟ್ಟೆ ಊಟ ಕೊಟ್ಟು ನೋಡಿದರಂತೆ. ಅವರೆಲ್ಲ ತಾವೇ ಒಪ್ಪಿ ಬಂದವರು. ಕಾಲು ಭಾಗ ತೂಕ ಇಳಿಯುವಷ್ಟರಲ್ಲಿ ಅವರಿಗೆ ಊಟ ಬಿಟ್ಟು ಬೇರೆ ಯೋಚನೆಯೇ ಇಲ್ಲ. ಅಡುಗೆ ಪುಸ್ತಕ ಓದುತ್ತ ಕೂರುತ್ತಿದ್ದರು. ತಟ್ಟೆಯಲ್ಲಿದ್ದಿದ್ದನ್ನು ಗಂಟೆಗಟ್ಟಲೆ ತಿನ್ನುತ್ತಿದ್ದರು. ಸಿಡುಕು, ಒಂಟಿತನ. ಅಂದರೆ ಸ್ವಭಾವ ಊಟ ಬಿಡಿಸುವುದಷ್ಟೇ ಅಲ್ಲ, ಹಸಿವೂ ಸ್ವಭಾವವನ್ನು ಬಿಗಿ ಮಾಡುತ್ತದೆ. ಯುಗಾದಿಯ ಒಬ್ಬಟ್ಟು, ಆ ಮುಕ್ಕಾಲು ಗಂಟೆಯ ಮುದ್ದೆ ನನಗೆ ಅರ್ಥವಾಗಿದ್ದು ಆಗ. ಅದಕ್ಕೇ ಮೊದಲು ಊಟ, ಬುದ್ಧಿ ಹೇಳುವುದೆಲ್ಲ ಆಮೇಲೆ ಅಂದರು.

ಎಂಟು ತಿಂಗಳು ಮಿಷನ್ ಹೆಚ್ಚು ತುಳಿಯಲಿಲ್ಲ. ಮೂರು ಊಟ, ನಡುವೆ ಮೂರು ಸಲ ತಿಂಡಿ, ಪ್ರತಿ ಸಲ ನಾನೋ ಅವರಪ್ಪನೋ ಎದುರು ಕೂರಬೇಕು. ಬೈಯುವ ಹಾಗಿಲ್ಲ, ಬಿಡುವ ಹಾಗೂ ಇಲ್ಲ. ತೂಕ ಸ್ವಲ್ಪ ಏರಿದ ಮೇಲೆ ಕೌನ್ಸೆಲರ್ ಅವಳಿಗೆ ಒಂದು ಹೋಂವರ್ಕ್ ಕೊಟ್ಟರು. ಒಂದು ಪುಟ ಬರೆಯಬೇಕು, ಬೇಕಂತಲೇ ಒಂದು ತಪ್ಪು ಮಾಡಬೇಕು, ಹಾಳೆ ಹರಿಯಬಾರದು. ಅವಳು ಬರೆದಳು. ಎಂಟನೇ ಸಾಲಿನಲ್ಲಿ ‘ಮಳೆ’ಗೆ ‘ಮಲೆ’ ಅಂತ ಬರೆದು, ಅಂಗೈಯಿಂದ ಅದನ್ನು ಮುಚ್ಚಿಕೊಂಡು ಅಳುತ್ತ ಕೂತಳು. ನಾನು ಪಕ್ಕದಲ್ಲಿ ಕೂತಿದ್ದೆ. ಇದನ್ನು ಶೋಕಿ ಅನ್ನಬೇಡಿ.

ಆ ಮಾತು ಓದಿದ ತಾಯಿ ಇನ್ನೂ ಆರು ತಿಂಗಳು ಕಾಯುತ್ತಾಳೆ. ನಾನು ಕಾದಿದ್ದೆ. ಆ ಬರಹದ ಜಾಗದಲ್ಲೇ ಮನಸ್ಸಿನ ತೊಂದರೆಗೆ ಸರ್ಕಾರ ನಡೆಸುವ ಟೆಲಿ-ಮಾನಸ್ ಸಹಾಯವಾಣಿ 14416 ಅನ್ನು ದಪ್ಪ ಅಕ್ಷರದಲ್ಲಿ ಹಾಕಿ. ದುಡ್ಡಿಲ್ಲ, ಹಗಲು ರಾತ್ರಿ ಯಾವಾಗ ಬೇಕಾದರೂ ಮಾಡಬಹುದು, ಕನ್ನಡದಲ್ಲೇ ಮಾತಾಡುತ್ತಾರೆ. ಟೀಚರುಗಳಲ್ಲೂ ಒಂದು ಕೋರಿಕೆ. ಫಸ್ಟ್ ಬರುವ ಹುಡುಗಿಯ ಟಿಫನ್ ಬಾಕ್ಸನ್ನೂ ಒಮ್ಮೆ ನೋಡಿ.

ಮಗಳು ಈಗ ಬಿ.ಕಾಂ ಎರಡನೇ ವರ್ಷ. ಬಟ್ಟೆ ಮಡಚಿದರೆ ಈಗಲೂ ಅಂಚಿಗೆ ಅಂಚು ಕೂರಬೇಕು. ಅದು ಪೂರ್ತಿ ಹೋಗಬೇಕಾಗಿಯೂ ಇಲ್ಲ ಅಂದಿದ್ದಾರೆ ಡಾಕ್ಟರು. ಅವಳಿಗೆ ನಾನೀಗ ಟೇಪು ಹಿಡಿಯುವುದಿಲ್ಲ. ಹಳೇ ಚೂಡಿದಾರ ಮೇಲಿಟ್ಟು, ಸ್ವಲ್ಪ ಸಡಿಲ ಬಿಟ್ಟು ಕತ್ತರಿಸಿ, ಪ್ಯಾಂಟಿಗೆ ಲಾಡಿ ಹಾಕಿ ಹೊಲಿಯುತ್ತೇನೆ. ಈ ಪತ್ರವನ್ನು ಅವಳಿಗೆ ಓದಿ ಹೇಳಿ, ಕೇಳಿಯೇ ಕಳಿಸುತ್ತಿದ್ದೇನೆ. ಹೆಸರು ಮಾತ್ರ ಹಾಕಬೇಡಿ.

ಇತಿ,
ಒಬ್ಬ ತಾಯಿ, ತಿಪಟೂರು