ಶನಿವಾರದ ಸೂಪರ್‌ವೈಸರ್ ಮೀಟಿಂಗ್

ಎಲ್ಲರಿಗೂ ನಮಸ್ಕಾರ,

ಈ ಶನಿವಾರ ಮಧ್ಯಾಹ್ನ 3 ಗಂಟೆಗೆ ಕ್ಯಾಂಟೀನ್‌ನಲ್ಲಿ ಮೀಟಿಂಗ್ ಇದೆ. ಹೊಲಿಗೆ ಲೈನ್, ಚೆಕಿಂಗ್, ಪ್ಯಾಕಿಂಗ್ ಸೂಪರ್‌ವೈಸರ್‌ಗಳು ಎಲ್ಲರೂ ಬರಬೇಕು. ಲೈನ್‌ನಲ್ಲಿ ಹುರುಪೇ ಇಲ್ಲ, ರಜೆ ಜಾಸ್ತಿಯಾಗಿದೆ, ಆಲ್ಟರೇಷನ್‌ಗೆ ವಾಪಸ್ ಬರುವ ಪೀಸ್‌ಗಳೂ ಜಾಸ್ತಿ. ಅದರ ಬಗ್ಗೆಯೇ ಮಾತು.

ಬೋನಸ್ ಕೊಟ್ಟಿದ್ದೇವಲ್ಲ ಅಂತ ದಯವಿಟ್ಟು ಹೇಳಬೇಡಿ. 8.33% ಕನಿಷ್ಠ ಬೋನಸ್ ಕಾನೂನು ಕೊಡಿಸಿದ್ದು, ನಮ್ಮ ಮೆಚ್ಚುಗೆ ಅಲ್ಲ. ಅಮೆರಿಕದ ಮನಶ್ಶಾಸ್ತ್ರಜ್ಞ ಹರ್ಜ್‌ಬರ್ಗ್ 1959ರಲ್ಲೇ ಹೇಳಿದ್ದು ಇದನ್ನೇ: ಸಂಬಳ, ಸೌಕರ್ಯ ಸರಿಯಿಲ್ಲದಿದ್ದರೆ ಜನ ಬೇಸರಪಡುತ್ತಾರೆ, ಆದರೆ ಅವೆರಡು ಸರಿಯಿದ್ದ ಮಾತ್ರಕ್ಕೆ ಮನಸ್ಸಿಟ್ಟು ಕೆಲಸ ಮಾಡುವುದಿಲ್ಲ, ಅದಕ್ಕೆ ಅವರ ಕೆಲಸವನ್ನು ಗುರುತಿಸಬೇಕು, ಜವಾಬ್ದಾರಿ ಕೊಡಬೇಕು. (ಹಾಗಂತ ಫ್ಯಾನ್ ರಿಪೇರಿ ಬಿಟ್ಟಿಲ್ಲ, ಮೇಂಟೆನೆನ್ಸ್‌ಗೆ ಹೇಳಿದ್ದೇನೆ.)

ಬರುವ ಮುಂಚೆ ನಿಮ್ಮ ಲೈನ್‌ನ ಇಬ್ಬರು ಮೂವರು ಟೈಲರ್‌ಗಳ ಹತ್ತಿರ ಕೂತು ಮಾತಾಡಿ. ಟಾರ್ಗೆಟ್ ವಿಷಯ ತೆಗೆಯಬೇಡಿ, ಏನು ಕಷ್ಟ ಅಂತಷ್ಟೇ ಕೇಳಿ. ಅವರು ಹೇಳಿದ್ದನ್ನು ಬರೆದುಕೊಳ್ಳಿ, ಹೆಸರು ಮಾತ್ರ ಬೇಡ. ಮತ್ತೆ, ಎಲ್ಲರ ಮುಂದೆ ಬೈಯುವುದು ಇವತ್ತಿಂದಲೇ ನಿಲ್ಲಲಿ, ಅದಕ್ಕೆ ಮೀಟಿಂಗ್ ತನಕ ಕಾಯಬೇಕಾಗಿಲ್ಲ ಅಲ್ವಾ?

ಶುಕ್ರವಾರ ಸಂಜೆಯೊಳಗೆ ‘ಬರ್ತೀನಿ’ ಅಂತ ಇಲ್ಲೇ ಹಾಕಿ. ಆಗದವರು ನನಗೆ ಫೋನ್ ಮಾಡಿ.