ಚರ್ಮ ಕೊಯ್ದು ಹೊಲಿದರೂ ಎದೆನೋವು ಹೋಗಿತ್ತು

ಮಾನ್ಯ ಸಂಪಾದಕರೇ,

ಹೃದಯ ಚಿಕಿತ್ಸೆಯ ಪರೀಕ್ಷೆಗಳಲ್ಲಿ ಕೆಲವು ರೋಗಿಗಳಿಗೆ ‘ಸುಳ್ಳು ಆಪರೇಷನ್’ ಮಾಡುವುದು, ಅಂದರೆ ನಿಜವಾದ ಚಿಕಿತ್ಸೆ ಕೊಡದೆ ಕೊಟ್ಟಂತೆ ಮಾಡುವುದು, ಮೋಸ ಎಂದು ಓದುಗರೊಬ್ಬರು ಬರೆದಿದ್ದಾರೆ. ನಾನು ಸ್ಟೆಂಟ್ (ಕಿರಿದಾದ ಹೃದಯದ ರಕ್ತನಾಳವನ್ನು ತೆರೆದಿಡುವ ಪುಟ್ಟ ಜಾಲರಿ) ಹಾಕಿಸಿಕೊಂಡವನು. ಮೊದಲ ಸಲ ಈ ವಿಷಯ ಕೇಳಿದಾಗ ನನಗೂ ಸಿಟ್ಟೇ ಬಂದಿತ್ತು.

ಆದರೆ ಹಳೆಯದೊಂದು ಕತೆ ಕೇಳಿ. 1950ರ ದಶಕದಲ್ಲಿ ಎದೆನೋವಿಗೆ ಒಂದು ಆಪರೇಷನ್ ಇತ್ತು. ಎದೆಗೂಡಿನ ಒಳಬದಿಯ ರಕ್ತನಾಳವನ್ನು ಕಟ್ಟಿಬಿಟ್ಟರೆ ಆ ರಕ್ತ ಹೃದಯದ ಕಡೆ ತಿರುಗುತ್ತದೆ ಅನ್ನುವುದು ಲೆಕ್ಕಾಚಾರ. ಮಾಡಿಸಿಕೊಂಡವರಲ್ಲಿ ಬಹಳ ಮಂದಿ ‘ನೋವು ಕಡಿಮೆಯಾಯ್ತು’ ಅಂದರು. ಅಮೆರಿಕದ ವೈದ್ಯರು 17 ರೋಗಿಗಳ ಮೇಲೆ ಇದನ್ನು ಪರೀಕ್ಷಿಸಿ 1959ರಲ್ಲಿ ಫಲಿತಾಂಶ ಪ್ರಕಟಿಸಿದರು. ಕೆಲವರಿಗೆ ನಾಳ ಕಟ್ಟಿದ್ದರು, ಉಳಿದವರಿಗೆ ಬರೀ ಚರ್ಮ ಕೊಯ್ದು ಹೊಲಿದಿದ್ದರು. ಎರಡೂ ಗುಂಪಿನವರಿಗೆ ಆರಾಮ ಸಿಕ್ಕಿತ್ತು! ಆ ಆಪರೇಷನ್ ಆಮೇಲೆ ಮೂಲೆ ಸೇರಿತು. ಆ ರೋಗಿಗಳಿಗೆ ಮಾತ್ರ ವಿಷಯವನ್ನು ಪೂರ್ತಿ ಹೇಳಿರಲಿಲ್ಲ. ಅದನ್ನು ಮೋಸ ಅಂದರೆ ಒಪ್ಪುತ್ತೇನೆ.

ಈಗ ಹಾಗಲ್ಲ. ಲಂಡನ್ನಿನ ವೈದ್ಯರು 2017ರಲ್ಲಿ ಪ್ರಕಟಿಸಿದ ‘ಆರ್ಬಿಟಾ’ ಪರೀಕ್ಷೆಯಲ್ಲಿ 200 ಜನ ಮೊದಲೇ ತಿಳಿದು ಒಪ್ಪಿಗೆ ಕೊಟ್ಟಿದ್ದರು. ಎಲ್ಲರಿಗೂ ಮೊದಲು ಆರು ವಾರ ಔಷಧಿ. ಆಮೇಲೆ ಕೆಲವರಿಗೆ ಸ್ಟೆಂಟ್, ಉಳಿದವರಿಗೆ ಸುಮ್ನೆ ರಕ್ತನಾಳದೊಳಗೆ ಕೊಳವೆ ಕಳಿಸಿ ವಾಪಸ್. ಮಂಪರು ಬರಿಸಿ, ಕಿವಿಗೆ ಹೆಡ್‌ಫೋನ್ ಹಾಕಿದ್ದರಿಂದ ತಮಗೆ ಯಾವುದು ಆಯಿತೆಂದು ರೋಗಿಗಳಿಗೆ ಗೊತ್ತಾಗಲಿಲ್ಲ. ಆರು ವಾರದ ನಂತರ ಟ್ರೆಡ್‌ಮಿಲ್ ಮೇಲೆ ನಡೆಸಿ ನೋಡಿದರೆ, ಎರಡು ಗುಂಪುಗಳ ನಡುವೆ ಹೇಳಿಕೊಳ್ಳುವಂಥ ವ್ಯತ್ಯಾಸವೇ ಇರಲಿಲ್ಲ.

ಹಾಗಂತ ಸ್ಟೆಂಟ್ ದಂಡ ಅಂತಲ್ಲ. ಹೃದಯಾಘಾತ ಆಗುತ್ತಿರುವಾಗ ಅದು ಜೀವ ಉಳಿಸುತ್ತದೆ. ಅಲ್ಲಿ ಇಂಥ ಪರೀಕ್ಷೆ ಮಾಡುವ ಮಾತೇ ಇಲ್ಲ. ಆರ್ಬಿಟಾದಲ್ಲಿ ಇದ್ದವರು ಬಹಳ ದಿನದಿಂದ ಒಂದೇ ಥರದ ಎದೆನೋವು ಇದ್ದವರು. ಇನ್ನೂ ಸ್ವಾರಸ್ಯದ ಸಂಗತಿ ಅಂದರೆ, ಆ ವೈದ್ಯರು ಅಷ್ಟಕ್ಕೇ ನಿಲ್ಲಿಸಲಿಲ್ಲ. ಎದೆನೋವಿನ ಔಷಧಿ ನಿಲ್ಲಿಸಿದ 301 ಜನರ ಮೇಲೆ ಇನ್ನೊಂದು ಪರೀಕ್ಷೆ ಮಾಡಿದರು. 2023ರಲ್ಲಿ ಬಂದ ಉತ್ತರ ಬೇರೆಯೇ ಇತ್ತು: ಇವರಲ್ಲಿ ಸ್ಟೆಂಟ್ ನಿಜಕ್ಕೂ ನೋವು ತಗ್ಗಿಸಿತ್ತು. ಆದರೂ ಸ್ಟೆಂಟ್ ಹಾಕಿದ ಮೇಲೂ ನೋವು ಉಳಿದವರು ಕಮ್ಮಿಯೇನಲ್ಲ. ಸುಳ್ಳು ಆಪರೇಷನ್ ಇಲ್ಲದೆ ಇಷ್ಟನ್ನು ಬಿಡಿಸಿ ನೋಡಲು ಆಗುತ್ತಿತ್ತಾ?

ನನಗೆ ಸ್ಟೆಂಟ್ ಹಾಕಿದ ಮರುದಿನವೇ ನೋವು ಮಾಯವಾಗಿತ್ತು. ಅದರಲ್ಲಿ ಸ್ಟೆಂಟಿನ ಪಾಲೆಷ್ಟು, ‘ಆಯ್ತು, ಇನ್ನು ವಾಸಿ’ ಅಂದುಕೊಂಡ ನನ್ನ ತಲೆಯ ಪಾಲೆಷ್ಟು ಎಂದು ನನ್ನ ಡಾಕ್ಟರನ್ನೇ ಕೇಳಿದೆ. ‘ನಿಮ್ಮೊಬ್ಬರನ್ನೇ ನೋಡಿ ಹೇಳೋಕಾಗಲ್ಲ’ ಅಂದರು.

ಇಂತಿ,
ನಿಮ್ಮ ಓದುಗ