ಟವರ್ ತೆಗೆಸುವ ಮುಂಚೆ ಅಳತೆ ಮಾಡಿಸಿ

ಮಾನ್ಯ ಸಂಪಾದಕರೇ,

ದಾವಣಗೆರೆ ವಿನೋಬನಗರದ ನಮ್ಮ ಬೀದಿಯಲ್ಲಿ ಮೊಬೈಲ್ ಟವರ್ ತೆಗೆಸಬೇಕೆಂದು ಸಹಿ ಸಂಗ್ರಹ ನಡೆದಿದೆ. ಟವರಿನ ತರಂಗದಿಂದ ಕ್ಯಾನ್ಸರ್ ಬರುತ್ತದೇನೋ ಎಂಬ, ಚಿಕ್ಕ ಮಕ್ಕಳಿರುವ ಮನೆಯವರ ಆತಂಕ ಅರ್ಥವಾಗುತ್ತದೆ. ಆದರೆ ವಿಜ್ಞಾನ ಪಾಠ ಮಾಡಿದವಳಾಗಿ ಸುಮ್ನೆ ಇರಲು ಆಗುತ್ತಿಲ್ಲ.

ಹತ್ತಿರದ ಟವರ್ ತೆಗೆಸಿದರೆ ಸಿಗ್ನಲ್ ಇಳಿಯಬಹುದು; ಸಿಗ್ನಲ್ ಕಡಿಮೆ ಇದ್ದಷ್ಟೂ ಫೋನು ಜಾಸ್ತಿ ಶಕ್ತಿ ಹಾಕಬೇಕಾಗುತ್ತದೆ. ನಮ್ಮತ್ತೆಯವರ ಹಿಂದಿನ ಕೋಣೆಯಲ್ಲಿ ಸಿಗ್ನಲ್ ಒಂದೇ ಕಡ್ಡಿ. ಅಲ್ಲೇ ಮಂಚದ ಮೇಲೆ ಕೂತು, ಫೋನು ಕಿವಿಗೆ ಒತ್ತಿಕೊಂಡು ಹರಿಹರದ ಮಗಳ ಜೊತೆ ಗಂಟೆಗಟ್ಟಲೆ ಮಾತಾಡುತ್ತಾರೆ. ತಲೆಗೆ ತರಂಗ ಹೆಚ್ಚು ತಾಗುವುದು ಹೀಗೆ ಅಲ್ವಾ? ಜಗಲಿಗೆ ಬಂದು ಸ್ಪೀಕರ್ ಹಾಕಿ ಮಾತಾಡಿ ಎಂದೆ. ಫೋನು ಗೇಣು ದೂರ ಇದ್ದರೂ ಬಹಳ ವ್ಯತ್ಯಾಸವಾಗುತ್ತದೆ.

ಮೊಬೈಲ್ ತರಂಗ ಎಕ್ಸ್‌ರೇ ಥರದ ಕಿರಣ ಅಲ್ಲ. ಡಿಎನ್‌ಎ ಒಡೆಯುವಷ್ಟು ಶಕ್ತಿ ಇದಕ್ಕಿಲ್ಲ. 2011ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗ ಇದನ್ನು ‘ಕ್ಯಾನ್ಸರ್ ತರಬಹುದೇನೋ’ ಎನ್ನುವ 2ಬಿ ಗುಂಪಿಗೆ ಸೇರಿಸಿದ್ದು ನಿಜ. ಆದರೆ ಆ ಸಂಸ್ಥೆಯೇ ಮಾಡಿಸಿ, 2024ರಲ್ಲಿ ಪ್ರಕಟವಾದ ಪರಿಶೀಲನೆಯಲ್ಲಿ ಮೊಬೈಲಿಗೂ ಮಿದುಳಿನ ಕ್ಯಾನ್ಸರಿಗೂ ನಂಟು ಕಂಡಿಲ್ಲ.

ನಮ್ಮ ದೇಶದಲ್ಲಿ ಫೋನಿನ ‘ಸಾರ್’, ಅಂದರೆ ದೇಹ ಹೀರಿಕೊಳ್ಳುವ ತರಂಗ ಶಕ್ತಿಯ ಪ್ರಮಾಣದ ಮಿತಿ, ಕಿಲೋಗೆ 1.6 ವ್ಯಾಟ್. ಬಹಳಷ್ಟು ಫೋನುಗಳಲ್ಲಿ *#07# ಒತ್ತಿದರೆ ಆ ಅಂಕಿ ಕಾಣುತ್ತದೆ. ಮಾರುವಾಗಲೇ ಅಂಗಡಿಯವರು ಗಿರಾಕಿಗೆ ಇದನ್ನು ತೋರಿಸಲಿ.

ಸಹಿ ಹಾಕುತ್ತಿರುವವರು ದೂರಸಂಪರ್ಕ ಇಲಾಖೆಯ ‘ತರಂಗ್ ಸಂಚಾರ್’ ಜಾಲತಾಣ ನೋಡಲಿ. ಶುಲ್ಕ ಕಟ್ಟಿದರೆ ಟವರ್ ತರಂಗದ ಅಳತೆ ಮಾಡಿಸಬಹುದು. ಬೀದಿಯವರೆಲ್ಲ ಸೇರಿ ಕಟ್ಟುವುದಾದರೆ ನನ್ನ ಪಾಲು ಕೊಡಲು ನಾನು ಸಿದ್ಧ.

– ನಿವೃತ್ತ ವಿಜ್ಞಾನ ಶಿಕ್ಷಕಿ, ವಿನೋಬನಗರ, ದಾವಣಗೆರೆ